ಮಕ್ಕಳ ಮೊದಲ ಆಟದ ಕಂಪ್ಯೂಟರ್: ಅಗ್ಗದ ಖರೀದಿಯ ಲೆಕ್ಕಾಚಾರ

ಬೇಸಿಗೆ ರಜೆ ಸಮೀಪಿಸಿದಾಗ, ಆಯುಧಪೂಜೆ ದೀಪಾವಳಿಗಳ ಹೊತ್ತಿನಲ್ಲಿ, ವ್ಯಾಪಾರಸ್ಥರ ಮನೆಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಬೇಡಿಕೆ ತಪ್ಪದೆ ಕೇಳಿಬರುತ್ತಿದೆ. ಹತ್ತು ಹನ್ನೆರಡು ವರ್ಷದ ಮಗನಿಗೋ ಮಗಳಿಗೋ ಆಟವಾಡಲು ಒಂದು ಕಂಪ್ಯೂಟರ್ ಬೇಕು. ಹತ್ತಿಯ ಎಳೆಯನ್ನು ಬೆರಳಿನಲ್ಲಿ ಎಳೆದು ನೋಡಿ ದರ ಹೇಳಬಲ್ಲವರು, ಅಡಿಕೆಯ ಚೀಲಕ್ಕೆ ಕೈಹಾಕಿ ಮಾಲಿನ ತರ ತಿಳಿಯಬಲ್ಲವರು ಸಹ ಈ ಒಂದು ಖರೀದಿಯಲ್ಲಿ ಅಂಗಡಿಯವರು ಹೇಳಿದ್ದನ್ನೇ ನಂಬಿ ಹಣ ತೆತ್ತು ಬರುತ್ತಾರೆ. ಬಣ್ಣದ ದೀಪಗಳು ಉರಿಯುವ ಗಾಜಿನ ಪೆಟ್ಟಿಗೆ, ಅದರ ಮೇಲೆ "ಗೇಮಿಂಗ್ ಪಿಸಿ" ಎಂಬ ಚೀಟಿ, ಪಕ್ಕದಲ್ಲಿ ಕಾತರದಿಂದ ನಿಂತ ಮಗು. ಚೌಕಾಸಿಗೆ ಇದಕ್ಕಿಂತ ಪ್ರತಿಕೂಲವಾದ ಸನ್ನಿವೇಶ ಇರಲಾರದು.

ಕಾರ್ಖಾನೆಗೆ ಯಂತ್ರ ಕೊಳ್ಳುವವರು ಯಂತ್ರದ ಬೆಲೆಯೊಡನೆ ಅದರ ಬಿಡಿಭಾಗ ದೊರೆಯುವುದೇ, ನಾಳೆ ಸಾಮರ್ಥ್ಯ ಹೆಚ್ಚಿಸಲು ಬರುವುದೇ ಎಂಬುದನ್ನು ವಿಚಾರಿಸುತ್ತಾರೆ. ಆಟದ ಕಂಪ್ಯೂಟರಿಗೂ ಅದೇ ಅಳತೆಗೋಲು ಸಲ್ಲುತ್ತದೆ. ಎರಡು ವರ್ಷದ ಮೇಲೆ ಮಗುವಿನ ಆಸಕ್ತಿ ಬೆಳೆದಾಗ ಒಂದು ಭಾಗವನ್ನು ಸೇರಿಸಿದರೆ ಸಾಕಾಗುವುದೋ, ಇಡೀ ಪೆಟ್ಟಿಗೆಯನ್ನೇ ಗುಜರಿಗೆ ಹಾಕಬೇಕಾಗುವುದೋ ಎಂಬುದರ ಮೇಲೆ ಖರೀದಿ ಅಗ್ಗವಾಯಿತೇ ಇಲ್ಲವೇ ಎಂಬುದು ನಿಂತಿದೆ.

ಮೊದಲು ಕೇಳಬೇಕಾದ ಪ್ರಶ್ನೆ

ಅಂಗಡಿಗೆ ಹೋಗುವ ಮುನ್ನ ಮಗುವನ್ನೇ ಕೂರಿಸಿಕೊಂಡು ಯಾವ ಆಟಗಳನ್ನು ಆಡಬೇಕೆಂದಿದೆ, ಸ್ನೇಹಿತರು ಏನು ಆಡುತ್ತಾರೆ ಎಂದು ಕೇಳಿ ಬರೆದುಕೊಳ್ಳುವುದು ಉತ್ತಮ. ಎಂಟರಿಂದ ಹನ್ನೆರಡರ ವಯಸ್ಸಿನ ಮಕ್ಕಳಲ್ಲಿ ಹೆಚ್ಚಿನವರ ಉತ್ತರ ಮೈನ್‌ಕ್ರಾಫ್ಟ್ ಅಥವಾ ರೋಬ್ಲಾಕ್ಸ್ ಎಂದಿರುತ್ತದೆ. ಇವೆರಡೂ ಸಾಧಾರಣ ಯಂತ್ರದಲ್ಲಿ ನಡೆಯುವ ಆಟಗಳು. ಸ್ವಲ್ಪ ದೊಡ್ಡವರು ವ್ಯಾಲರಂಟ್, ಫೋರ್ಟ್‌ನೈಟ್ ಎನ್ನುತ್ತಾರೆ. ಇವೂ ಮಧ್ಯಮ ಯಂತ್ರಕ್ಕೆ ಒಗ್ಗುತ್ತವೆ. ಕಂಪ್ಯೂಟರಿಗಾಗಿ 2015ರಲ್ಲಿ ಬಿಡುಗಡೆಯಾದ ಜಿಟಿಎ 5 ಇಂದಿಗೂ ಹುಡುಗರ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಆದರೆ ಅದು 18 ವರ್ಷ ಮೇಲ್ಪಟ್ಟವರಿಗೆಂದು ಗುರುತಿಸಲ್ಪಟ್ಟ ಆಟವೆಂಬುದನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಪ್ರತಿ ಆಟದ ತಯಾರಕರೂ "ಕನಿಷ್ಠ" ಮತ್ತು "ಶಿಫಾರಸು" ಎಂಬ ಎರಡು ಯಂತ್ರಮಟ್ಟಗಳನ್ನು ಪ್ರಕಟಿಸುತ್ತಾರೆ. ಕನಿಷ್ಠವೆಂದರೆ ಆಟ ತೆರೆದುಕೊಳ್ಳುತ್ತದೆ ಎಂದಷ್ಟೇ ಅರ್ಥ. ಶಿಫಾರಸಿನ ಮಟ್ಟವನ್ನೇ ಆಧಾರವಾಗಿ ಹಿಡಿಯಬೇಕು. ಹತ್ತು ವರ್ಷದ ಮಗು ಹೆಸರನ್ನೂ ಹೇಳದ ಆಟಗಳಿಗಾಗಿ ಎಂಬತ್ತು ಸಾವಿರ ರೂಪಾಯಿಯ ಯಂತ್ರವನ್ನು ಮಾರಲು ಹೊರಡುವವರಿಗೆ ಈ ಪಟ್ಟಿಯೇ ಉತ್ತರ.

"ಐ5", "ಐ7" ಎಂಬ ಮಾತಿನ ಅರ್ಥ

ಈ ವ್ಯಾಪಾರದಲ್ಲಿ ಅತಿ ಹೆಚ್ಚು ದಾರಿತಪ್ಪಿಸುವ ಮಾತು "ಐ7 ಪ್ರೊಸೆಸರ್ ಇದೆ ಸಾರ್" ಎಂಬುದು. ಇಂಟೆಲ್ ಸಂಸ್ಥೆಯ ಐ3, ಐ5, ಐ7 ಎಂಬ ಹೆಸರುಗಳು ಒಂದು ತಲೆಮಾರಿನ ಒಳಗಿನ ದರ್ಜೆಗಳು ಮಾತ್ರ. ತಲೆಮಾರನ್ನು ತಿಳಿಸುವುದು ಅಡ್ಡಗೆರೆಯ ನಂತರದ ಸಂಖ್ಯೆ. ಐ7-2600 ಎಂದರೆ ಎರಡನೆಯ ತಲೆಮಾರು, 2011ರ ಸರಕು. ಐ5-6500 ಎಂದರೆ ಆರನೆಯದು, ಐ5-8500 ಎಂದರೆ ಎಂಟನೆಯದು, ಐ3-12100 ಎಂದರೆ ಹನ್ನೆರಡನೆಯದು. ದರ್ಜೆಯಲ್ಲಿ ಕಿರಿದಾದ ಐ3-12100 ತನಗಿಂತ ಹನ್ನೊಂದು ವರ್ಷ ಹಳೆಯದಾದ ಐ7-2600ನ್ನು ಕೆಲಸದಲ್ಲಿ ಸುಲಭವಾಗಿ ಹಿಂದಿಕ್ಕುತ್ತದೆ. ಪೂರ್ಣ ಸಂಖ್ಯೆಯಿಲ್ಲದ ದರಪಟ್ಟಿಯನ್ನು ಸ್ವೀಕರಿಸಬಾರದು.

ಸಂಖ್ಯೆಯ ಕೊನೆಯ ಅಕ್ಷರವನ್ನೂ ಗಮನಿಸಬೇಕು. ಇಂಟೆಲ್‌ನಲ್ಲಿ "ಎಫ್" ಎಂದು ಮುಗಿದರೆ ಆ ಪ್ರೊಸೆಸರ್‌ನೊಳಗೆ ಚಿತ್ರ ಮೂಡಿಸುವ ವ್ಯವಸ್ಥೆಯೇ ಇಲ್ಲ; ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ದರೆ ಪರದೆಯ ಮೇಲೆ ಏನೂ ಬಾರದು. ಎಎಂಡಿ ಸಂಸ್ಥೆಯ ರೈಜನ್ ಮಾಲಿಕೆಯಲ್ಲಿ 5600ಜಿ, 8600ಜಿ ಎಂಬಲ್ಲಿನ "ಜಿ" ಅಕ್ಷರ ಒಳಗೇ ತಕ್ಕಮಟ್ಟಿನ ಗ್ರಾಫಿಕ್ಸ್ ಇದೆಯೆಂದು ಸೂಚಿಸುತ್ತದೆ.

ಕಚೇರಿಗಳಿಂದ ಬಂದ ಹಳೆಯ ಯಂತ್ರಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಅಂಗಡಿಗಳವರೆಗೆ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಎಂಬ ಹೆಸರಿನ ಹಳೆಯ ಯಂತ್ರಗಳು ಮಾರಾಟಕ್ಕಿವೆ. ದೊಡ್ಡ ಕಚೇರಿಗಳು ಮೂರು ನಾಲ್ಕು ವರ್ಷ ಬಳಸಿ, ಗುತ್ತಿಗೆ ಮುಗಿದೊಡನೆ ಸಗಟಾಗಿ ಹೊರಹಾಕಿದ ಮಾಲು ಇದು. ಧೂಳಿಲ್ಲದ ತಂಪು ಕೊಠಡಿಗಳಲ್ಲಿ ದುಡಿದ ಇಂತಹ ಯಂತ್ರ, ಅದೇ ಬೆಲೆಯ ಹೊಸ ಜೋಡಣೆಗಿಂತ ಎಷ್ಟೋ ಸಲ ಗಟ್ಟಿಯಾಗಿರುತ್ತದೆ. ಮೊದಲ ಕಂಪ್ಯೂಟರಿಗೆ ಇದು ಉತ್ತಮ ಮಾರ್ಗ. ಆದರೆ ಎರಡು ಷರತ್ತುಗಳಿವೆ.

ಮೊದಲನೆಯದು ತಲೆಮಾರು. ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ಗೃಹಬಳಕೆದಾರರಿಗೆ ಇನ್ನೊಂದು ವರ್ಷದ ಭದ್ರತಾ ಪರಿಷ್ಕರಣೆಯನ್ನಷ್ಟೇ ಆಗ ಘೋಷಿಸಲಾಗಿತ್ತು. ವಿಂಡೋಸ್ 11 ನಿಯಮಬದ್ಧವಾಗಿ ನಡೆಯಲು ಇಂಟೆಲ್‌ನಲ್ಲಿ ಬಹುತೇಕ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದು ಬೇಕು; ಟಿಪಿಎಂ 2.0 ಎಂಬ ಭದ್ರತಾ ಅಂಶವೂ ಇರಬೇಕು. ಆರು ಮತ್ತು ಏಳನೆಯ ತಲೆಮಾರಿನ ಯಂತ್ರಗಳು ರಾಶಿರಾಶಿಯಾಗಿ ಅಗ್ಗದ ಬೆಲೆಗೆ ಬಂದುದರ ಮುಖ್ಯ ಕಾರಣ ಇದೇ. ಅಡ್ಡದಾರಿಯಲ್ಲಿ ವಿಂಡೋಸ್ 11 ಹಾಕಿಕೊಡುವ ಅಂಗಡಿಗಳಿವೆ. ಆದರೆ ವ್ಯಾಲರಂಟ್‌ನಂತಹ ಆಟ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಇಲ್ಲದೆ ತೆರೆಯುವುದೇ ಇಲ್ಲ. ಐ5-6500ಕ್ಕೂ ಐ5-8500ಕ್ಕೂ ನಡುವಿನ ಬೆಲೆಯ ವ್ಯತ್ಯಾಸವನ್ನು ತೆತ್ತು ಎರಡನೆಯದನ್ನೇ ಕೊಳ್ಳುವುದು ಲಾಭಕರ. ಹಿಂದಿನದರಲ್ಲಿ ನಾಲ್ಕು ಕೋರ್‌ಗಳಿದ್ದರೆ ಇದರಲ್ಲಿ ಆರು ಇವೆ.

ಎರಡನೆಯದು ಪೆಟ್ಟಿಗೆಯ ಗಾತ್ರ. ಒಂದೇ ಮಾದರಿ ದೊಡ್ಡ ಟವರ್ ರೂಪದಲ್ಲೂ ತೆಳುವಾದ ಸಣ್ಣ ಪೆಟ್ಟಿಗೆಯ ರೂಪದಲ್ಲೂ ದೊರೆಯುತ್ತದೆ. ತೆಳು ಪೆಟ್ಟಿಗೆಯಲ್ಲಿ ಅರ್ಧ ಎತ್ತರದ ಗ್ರಾಫಿಕ್ಸ್ ಕಾರ್ಡ್ ಮಾತ್ರ ಹಿಡಿಸುತ್ತದೆ. ಅದು ಆಯ್ಕೆಯಲ್ಲಿ ಕಡಿಮೆ, ಬೆಲೆಯಲ್ಲಿ ಹೆಚ್ಚು. ಕೈಯಗಲದ ಪೆಟ್ಟಿಗೆಯಲ್ಲಂತೂ ಕಾರ್ಡ್ ಹಾಕುವ ಜಾಗವೇ ಇಲ್ಲ. ಟವರ್ ರೂಪದ್ದನ್ನೇ ಕೇಳಿ ಪಡೆಯಬೇಕು. ಈ ಬ್ರಾಂಡ್ ಯಂತ್ರಗಳ ಎಸ್‌ಎಂಪಿಎಸ್ ಮತ್ತು ಮದರ್‌ಬೋರ್ಡ್‌ಗಳು ಬಹುಮಟ್ಟಿಗೆ ಆಯಾ ಸಂಸ್ಥೆಯ ಸ್ವಂತ ಅಳತೆಯವು. ಮಾರುಕಟ್ಟೆಯ ಸಾಮಾನ್ಯ ಭಾಗ ಕೂರುವುದಿಲ್ಲ ಎಂಬುದೂ ತಿಳಿದಿರಲಿ.

ಬಿಲ್ಲಿನ ವಿಷಯದಲ್ಲೊಂದು ಮಾತು. "ಬಿಲ್ ಬೇಕೆಂದರೆ ಹದಿನೆಂಟು ಪರ್ಸೆಂಟ್ ಜಾಸ್ತಿ" ಎಂದು ಹಳೆಯ ಮಾಲಿನ ಅಂಗಡಿಗಳಲ್ಲಿ ಹೇಳುವುದುಂಟು. ಜಿಎಸ್‌ಟಿ ನಿಯಮಾವಳಿಯ 32(5)ನೇ ನಿಯಮದಂತೆ, ಬಳಸಿದ ವಸ್ತುಗಳ ವ್ಯಾಪಾರಿ ತನ್ನ ಖರೀದಿಯ ಮೇಲೆ ಇನ್‌ಪುಟ್ ತೆರಿಗೆ ಜಮೆ ಪಡೆಯದೆ, ವಸ್ತುವನ್ನು ಇದ್ದಂತೆಯೇ ಅಥವಾ ಅಲ್ಪ ದುರಸ್ತಿಯೊಡನೆ ಮಾರಿದರೆ, ಕೊಂಡ ಬೆಲೆಗೂ ಮಾರುವ ಬೆಲೆಗೂ ಇರುವ ಅಂತರದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಜಮೆ ಪಡೆದಿದ್ದರೆ ಪೂರ್ಣ ಬೆಲೆಯ ಮೇಲೆ ತೆರಿಗೆ ಬರುವುದು ನಿಜ. ಯಾವುದು ಅನ್ವಯ ಎಂದು ಕೇಳಿದೊಡನೆ ಮಾತಿನ ಧಾಟಿ ಬದಲಾಗುವುದನ್ನು ಕಾಣಬಹುದು.

ಗ್ರಾಫಿಕ್ಸ್ ಕಾರ್ಡ್ ಮತ್ತು ಎಸ್‌ಎಂಪಿಎಸ್

ಕಚೇರಿ ಯಂತ್ರಕ್ಕೆ ಕಾರ್ಡ್ ಸೇರಿಸುವಾಗ ನೆನಪಿನಲ್ಲಿಡಬೇಕಾದ ಸಂಖ್ಯೆ 75. ಮದರ್‌ಬೋರ್ಡಿನ ಕಾರ್ಡ್ ಕಿಂಡಿ ಗರಿಷ್ಠ 75 ವಾಟ್ ವಿದ್ಯುತ್ತನ್ನು ತಾನೇ ನೀಡಬಲ್ಲದು. ಅಷ್ಟರೊಳಗೆ ನಡೆಯುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ತಂತಿ ಬೇಡ. 2019ರ ಜಿಟಿಎಕ್ಸ್ 1650ರ ಅನೇಕ ಮಾದರಿಗಳು, 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಆವೃತ್ತಿ ಈ ವರ್ಗಕ್ಕೆ ಸೇರಿದವು. ಬಹುಕಾಲ ಬಡವರ ಕಾರ್ಡ್ ಎನಿಸಿದ್ದ ಜಿಟಿಎಕ್ಸ್ 1050 ಟಿಐ ಕೂಡ ಹೀಗೆಯೇ ನಡೆಯುತ್ತದೆ. ಆದರೆ ಅದರ ತಲೆಮಾರಿಗೆ ಹೊಸ ಆಟಗಳಿಗೆ ತಕ್ಕಂತೆ ತಂತ್ರಾಂಶ ಹೊಂದಿಸುವುದನ್ನು ಎನ್‌ವಿಡಿಯಾ ಸಂಸ್ಥೆ 2025ರ ಅಕ್ಟೋಬರ್‌ಗೆ ನಿಲ್ಲಿಸಿದ್ದರಿಂದ ಈಗ ಅದಕ್ಕೆ ಹಣ ಹಾಕುವುದು ಸರಿಯಲ್ಲ.

ಹಳೆಯ ಕಾರ್ಡುಗಳ ಮಾರುಕಟ್ಟೆಯಲ್ಲಿ ಕಳಪೆ ಮಾಲು ಎರಡು ವಿಧ. ಈಥೀರಿಯಂ ಎಂಬ ಡಿಜಿಟಲ್ ನಾಣ್ಯದ ವ್ಯವಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ಬದಲಾದಾಗ, ಅದುವರೆಗೆ ಹಗಲಿರುಳು ನಾಣ್ಯ ಗಣಿಗಾರಿಕೆಗೆ ದುಡಿದಿದ್ದ ಕಾರ್ಡುಗಳು ಜಗತ್ತಿನಾದ್ಯಂತ ಮಾರುಕಟ್ಟೆಗೆ ಬಂದವು. ಅವೆಲ್ಲವೂ ಹಾಳಾದವಲ್ಲ, ಫ್ಯಾನ್ ಸವೆದಿರುವ ಸಂಭವ ಹೆಚ್ಚು, ಆದ್ದರಿಂದ ಅರ್ಧ ಗಂಟೆಯಾದರೂ ಆಟ ನಡೆಸಿ ನೋಡದೆ ತರಬಾರದು. ಎರಡನೆಯದು ಶುದ್ಧ ಮೋಸ. ಹತ್ತು ಹದಿನೈದು ವರ್ಷ ಹಳೆಯ ಚಿಪ್ಪಿನೊಳಗಿನ ಹೆಸರನ್ನೇ ತಿದ್ದಿ 1050 ಟಿಐ ಎಂದೋ ಇನ್ನೊಂದೆಂದೋ ಮಾರುತ್ತಾರೆ. ವಿಂಡೋಸ್ ಕೂಡ ಆ ಸುಳ್ಳು ಹೆಸರನ್ನೇ ತೋರಿಸುತ್ತದೆ. ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಇಂತಹ ಹಲವು ಕಾರ್ಡುಗಳನ್ನು ಪತ್ತೆಮಾಡಿ "ಫೇಕ್" ಎಂದು ಬರೆದು ತೋರಿಸುತ್ತದೆ. ಅಂಗಡಿಯಲ್ಲೇ ಅದನ್ನು ನಡೆಸಿ ತೋರಿಸಲು ಹೇಳುವುದರಲ್ಲಿ ಸಂಕೋಚ ಬೇಡ.

ಹೊಸದಾಗಿ ಜೋಡಿಸಿದ ಯಂತ್ರಗಳಲ್ಲಿ ಹಣ ಉಳಿಸಲು ಅಂಗಡಿಯವರು ಮೊದಲು ಕೈಹಾಕುವುದು ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್‌ನೊಡನೆ ಉಚಿತವಾಗಿ ಬರುವ ಹೆಸರಿಲ್ಲದ ಪೆಟ್ಟಿಗೆಯ ಮೇಲೆ 500 ವಾಟ್ ಎಂದು ಬರೆದಿದ್ದರೂ ಅಷ್ಟನ್ನು ಅದು ಕೊಡುವ ಭರವಸೆಯಿಲ್ಲ. ಹತ್ತು ಎಚ್‌ಪಿ ಮೋಟಾರಿಗೆ ಐದು ಎಚ್‌ಪಿಯ ಸ್ಟಾರ್ಟರ್ ಹಾಕಿದರೆ ಏನಾಗುವುದೆಂದು ಕಾರ್ಖಾನೆಯವರಿಗೆ ಹೇಳಬೇಕಿಲ್ಲ. ಇಲ್ಲಿ ಎಸ್‌ಎಂಪಿಎಸ್ ಸುಡುವಾಗ ಮದರ್‌ಬೋರ್ಡನ್ನೋ ಕಾರ್ಡನ್ನೋ ಜೊತೆಗೆ ಕೊಂಡೊಯ್ಯಬಹುದು. ಹೆಸರುಳ್ಳ ತಯಾರಕರ, "80 ಪ್ಲಸ್" ಪ್ರಮಾಣಪತ್ರವಿರುವ, 450 ಅಥವಾ 550 ವಾಟ್‌ನದ್ದನ್ನು ಪ್ರತ್ಯೇಕವಾಗಿ ನಮೂದಿಸಿ ಕೇಳಬೇಕು. ಬಣ್ಣದ ದೀಪಗಳ ಫ್ಯಾನುಗಳನ್ನು ಬಿಟ್ಟರೆ ಆ ಹಣದಲ್ಲಿ ಹೆಚ್ಚಿನ ಪಾಲು ಇದಕ್ಕೆ ಒದಗುತ್ತದೆ. ವಿದ್ಯುತ್ ಹೋಗಿಬರುವ ಊರುಗಳಲ್ಲಿ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಕೂಡ ಆಯವ್ಯಯದ ಭಾಗವೇ.

ಹೊಸದನ್ನೇ ಕೊಳ್ಳುವವರಿಗೆ

ಹೊಸ ಯಂತ್ರವೇ ಬೇಕೆಂಬವರಿಗೆ, ಆರಂಭದಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದೆಯೇ ರೈಜನ್ 5600ಜಿಯಂತಹ ಪ್ರೊಸೆಸರ್ ಹಾಕಿಸಿ, ಮುಂದೆ ಕಾರ್ಡ್ ಸೇರಿಸುವುದು ವಿವೇಕದ ಕ್ರಮ. ಮೇಲೆ ಹೇಳಿದ ಆಟಗಳಲ್ಲಿ ಹೆಚ್ಚಿನವು ಚಿತ್ರದ ಗುಣಮಟ್ಟವನ್ನು ಸ್ವಲ್ಪ ತಗ್ಗಿಸಿದರೆ ಇದರಲ್ಲೇ ನಡೆಯುತ್ತವೆ. ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗಿನ ಗ್ರಾಫಿಕ್ಸ್‌ಗೆ ತನ್ನದೇ ಮೆಮೊರಿ ಇಲ್ಲ. ಅದು ಯಂತ್ರದ ರ‍್ಯಾಮ್‌ನ್ನೇ ಎರವಲು ಪಡೆಯುತ್ತದೆ. 16 ಜಿಬಿಯ ಒಂದೇ ಪಟ್ಟಿಯ ಬದಲು 8 ಜಿಬಿಯ ಎರಡು ಪಟ್ಟಿಗಳನ್ನು ಹಾಕಿದರೆ ದತ್ತಾಂಶ ಸಾಗುವ ದಾರಿ ಇಮ್ಮಡಿಯಾಗಿ, ಆಟದ ವೇಗದಲ್ಲಿ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬರುತ್ತದೆ. ಅಂಗಡಿಯವರು ಒಂದೇ ಪಟ್ಟಿ ಹಾಕಿ "ಮುಂದೆ ಹೆಚ್ಚಿಸಬಹುದು" ಎನ್ನುತ್ತಾರೆ. ಈ ಯಂತ್ರಕ್ಕೆ ಆ ಸಲಹೆ ಹೊಂದುವುದಿಲ್ಲ.

ರ‍್ಯಾಮ್‌ನ ಬೆಲೆಯೇ ಈಗ ದೊಡ್ಡ ತೊಡಕು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಸೆಳೆದುಕೊಳ್ಳಲು ತೊಡಗಿದ್ದರಿಂದ 2025ರ ಉತ್ತರಾರ್ಧದಲ್ಲಿ ಬೆಲೆ ತೀವ್ರವಾಗಿ ಏರಿತು. ಆ ವರ್ಷದ ಡಿಸೆಂಬರ್‌ನಲ್ಲಿ ಮೈಕ್ರಾನ್ ಸಂಸ್ಥೆ "ಕ್ರೂಷಿಯಲ್" ಹೆಸರಿನ ತನ್ನ ಗ್ರಾಹಕ ವ್ಯಾಪಾರವನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಹಿಂದಿನ ವರ್ಷ ನೆಂಟರು ಕೊಂಡ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಪ್ರಯೋಜನವಿಲ್ಲ. ರ‍್ಯಾಮ್ ಸಹಿತವಾಗಿ ಬರುವ ಹಳೆಯ ಕಚೇರಿ ಯಂತ್ರಗಳು ಇನ್ನಷ್ಟು ಆಕರ್ಷಕವಾಗಲು ಇದೂ ಒಂದು ಕಾರಣ. ಹೇಳಿದಷ್ಟು ರ‍್ಯಾಮ್ ಒಳಗೆ ಇದೆಯೇ ಎಂದು ತೆರೆದು ನೋಡಬೇಕಾದುದಕ್ಕೂ ಇದೇ ಕಾರಣ.

ಗೇಮಿಂಗ್ ಲ್ಯಾಪ್‌ಟಾಪ್ ಕೊಳ್ಳುವವರು ಅದೇ ಸಾಮರ್ಥ್ಯಕ್ಕೆ ಹೆಚ್ಚು ತೆರುತ್ತಾರೆ. ಮುಂದೆ ಕಾರ್ಡ್ ಬದಲಿಸಲೂ ಬಾರದು.

ಸಂಸ್ಥೆಯ ಹೆಸರಿನಲ್ಲಿ ಬಿಲ್

ನಲವತ್ತು ಸಾವಿರ ರೂಪಾಯಿ ಮೌಲ್ಯದ ಕಂಪ್ಯೂಟರಿನ ಮೇಲೆ ಶೇಕಡಾ 18ರಂತೆ ತೆರಿಗೆ 7,200 ರೂಪಾಯಿ. ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲಿ ಮಾಡಿಸಿ ಆ ಮೊತ್ತವನ್ನು ಇನ್‌ಪುಟ್ ತೆರಿಗೆ ಜಮೆಯಾಗಿ ಪಡೆಯುವುದು, ಜೊತೆಗೆ ಆದಾಯ ತೆರಿಗೆಯಲ್ಲಿ ಶೇಕಡಾ 40ರ ಸವಕಳಿಯನ್ನೂ ತೋರಿಸುವುದು ಅನೇಕರಿಗೆ ಸಹಜವಾಗಿಯೇ ಹೊಳೆಯುತ್ತದೆ. ಕೇಂದ್ರ ಜಿಎಸ್‌ಟಿ ಅಧಿನಿಯಮ, 2017ರ 17(5)ನೇ ಪ್ರಕರಣದ ಜಿ ಖಂಡ ವೈಯಕ್ತಿಕ ಬಳಕೆಯ ವಸ್ತುಗಳ ಮೇಲಿನ ಜಮೆಯನ್ನು ನೇರವಾಗಿ ನಿರಾಕರಿಸುತ್ತದೆ. ಬಿಲ್ಲಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಮತ್ತು ಗೇಮಿಂಗ್ ಮೌಸ್ ನಮೂದಾಗಿರುವಾಗ, ಕಿರಾಣಿ ಸಗಟು ಮಳಿಗೆಗೆ ಅವು ಏಕೆ ಬೇಕಾದವು ಎಂದು ಅಧಿಕಾರಿ ಕೇಳಿದರೆ ಉತ್ತರ ಕಷ್ಟ. ತಪ್ಪಾಗಿ ಪಡೆದು ಬಳಸಿದ ಜಮೆಯನ್ನು ಶೇಕಡಾ 18ರ ಬಡ್ಡಿಯೊಡನೆ ಮರಳಿಸಬೇಕಾಗುತ್ತದೆ. ಉದ್ದೇಶಪೂರ್ವಕ ವಂಚನೆಯೆಂದು ತೀರ್ಮಾನವಾದರೆ ತೆರಿಗೆಯಷ್ಟೇ ದಂಡವೂ ಸೇರಬಹುದು. ಏಳು ಸಾವಿರದ ಆಸೆಗೆ ಇಡೀ ವರ್ಷದ ಲೆಕ್ಕವನ್ನು ಪರಿಶೀಲನೆಗೆ ಒಡ್ಡುವುದು ನಷ್ಟದ ವ್ಯಾಪಾರ.

ಇದಕ್ಕಿಂತ ಕಡಿಮೆ ಪರಿಚಿತವಾದ ಇನ್ನೊಂದು ಅಂಶವಿದೆ. ಕಚೇರಿಗೆ ಹೊಸ ಕಂಪ್ಯೂಟರ್ ತಂದು ಹಳೆಯದನ್ನು ಮಗುವಿಗೆ ಕೊಡುವುದು ಎಲ್ಲಕ್ಕಿಂತ ಅಗ್ಗದ ದಾರಿಯೇ ಸರಿ. ಆದರೆ ಜಮೆ ಪಡೆದಿದ್ದ ವ್ಯವಹಾರದ ಸ್ವತ್ತನ್ನು ಶಾಶ್ವತವಾಗಿ ವರ್ಗಾಯಿಸಿದರೆ, ಹಣ ಪಡೆಯದಿದ್ದರೂ, ಅದೇ ಅಧಿನಿಯಮದ ಒಂದನೆಯ ಅನುಸೂಚಿಯಂತೆ ಅದು ಪೂರೈಕೆ ಎನಿಸುತ್ತದೆ. ಐದಾರು ವರ್ಷ ಹಳೆಯ ಯಂತ್ರದ ಮೌಲ್ಯ ಅಲ್ಪವಾದ್ದರಿಂದ ತೆರಿಗೆಯೂ ಅಲ್ಪವೇ. ಲೆಕ್ಕಪರಿಶೋಧಕರಿಗೆ ತಿಳಿಸಿ ಒಂದು ಬಿಲ್ ಬರೆದು ಸ್ವತ್ತಿನ ಪಟ್ಟಿಯಿಂದ ತೆಗೆದರೆ ವಿಷಯ ಮುಗಿಯುತ್ತದೆ. ಮನೆಗೆ ಒಯ್ಯುವ ಮುನ್ನ ಹಳೆಯ ಹಾರ್ಡ್ ಡಿಸ್ಕನ್ನು ಕಳಚಿ ಕಚೇರಿಯಲ್ಲೇ ಇರಿಸಿ, ಹೊಸ ಎಸ್‌ಎಸ್‌ಡಿ ಹಾಕಿಸಬೇಕು. ಗ್ರಾಹಕರ ಬಾಕಿಪಟ್ಟಿ ಮಗುವಿನ ಕೋಣೆಯಲ್ಲಿ ಇರಬೇಕಾದ್ದಲ್ಲ.

ಲೆಕ್ಕದ ಯಂತ್ರದಲ್ಲಿ ಆಟ ಬೇಡ

ಕೆಲವರು ಒಂದೇ ಯಂತ್ರವನ್ನು ಹಗಲು ಟ್ಯಾಲಿಗೂ ಸಂಜೆ ಆಟಕ್ಕೂ ಬಳಸುತ್ತಾರೆ. ಉಳಿತಾಯವೆಂದು ತೋರುವ ಈ ಏರ್ಪಾಡೇ ಎಲ್ಲಕ್ಕಿಂತ ದುಬಾರಿಯಾಗಬಲ್ಲದು. ಹಣ ಕೊಟ್ಟು ಕೊಳ್ಳಬೇಕಾದ ಆಟವನ್ನು ಮಕ್ಕಳು "ಕ್ರ್ಯಾಕ್" ಮಾಡಿದ ರೂಪದಲ್ಲಿ ಇಳಿಸಿಕೊಳ್ಳುತ್ತಾರೆ. ಅಥವಾ ಆಟದಲ್ಲಿ ಉಚಿತ ನಾಣ್ಯ ಕೊಡುವುದಾಗಿ ಹೇಳುವ ಸಣ್ಣ ಕಡತವೊಂದನ್ನು ತೆರೆಯುತ್ತಾರೆ. ಆ ಕಡತಗಳನ್ನು ನಡೆಸಲು ಮೊದಲು ಆಂಟಿವೈರಸ್ ನಿಲ್ಲಿಸಿ ಎಂದು ಅಲ್ಲೇ ಸೂಚನೆ ಇರುತ್ತದೆ, ಮಗು ನಿಲ್ಲಿಸುತ್ತದೆ. ಗುಪ್ತಪದ ಕದಿಯುವ ತಂತ್ರಾಂಶವೂ, ಕಡತಗಳನ್ನೆಲ್ಲ ಬೀಗಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಕೂಡ ಹರಡುವ ಹಾದಿಗಳಲ್ಲಿ ಇದೊಂದು. ಬೀಗ ಬಿದ್ದ ಕಡತಗಳಲ್ಲಿ ಟ್ಯಾಲಿಯ ದತ್ತಾಂಶ, ಅದೇ ಡಿಸ್ಕಿನಲ್ಲಿಟ್ಟ ಬ್ಯಾಕಪ್ ಎಲ್ಲವೂ ಸೇರಿರುತ್ತವೆ. ಜಿಎಸ್‌ಟಿ ಕಾನೂನಿನಂತೆ ಲೆಕ್ಕಪುಸ್ತಕಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿ ಸಲ್ಲಿಸುವ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡುವ ಹೊಣೆ ವ್ಯಾಪಾರಿಯದು. ಬ್ಯಾಂಕಿನ ವ್ಯವಹಾರ, ಡಿಜಿಟಲ್ ಸಹಿ, ಇ-ವೇ ಬಿಲ್‌ನ ಗುಪ್ತಪದಗಳು ಉಳಿದಿರುವ ಯಂತ್ರ ಮತ್ತು ಮಗುವಿನ ಯಂತ್ರ ಬೇರೆಬೇರೆಯಾಗಿರಲೇಬೇಕು. ಅಂಗಡಿಯ ಮೇಲೆಯೇ ಮನೆಯಿದ್ದು ಒಂದೇ ಇಂಟರ್ನೆಟ್ ಸಂಪರ್ಕವಿದ್ದರೆ, ಮಗುವಿನ ಯಂತ್ರಕ್ಕೆ ರೌಟರಿನ ಅತಿಥಿ ಜಾಲವನ್ನು ಕೊಟ್ಟು, ಟ್ಯಾಲಿಯ ಬ್ಯಾಕಪ್ ಇರುವ ಡಿಸ್ಕನ್ನು ಕಳಚಿ ಇಡುವುದು ಕ್ಷೇಮ.

ಮಗುವಿಗೆ ಆಡಳಿತಾಧಿಕಾರವಿಲ್ಲದ ಪ್ರತ್ಯೇಕ ಖಾತೆ ತೆರೆದರೆ ಹೊಸ ತಂತ್ರಾಂಶ ಹಾಕುವಾಗಲೆಲ್ಲ ದೊಡ್ಡವರ ಗುಪ್ತಪದ ಬೇಕಾಗುತ್ತದೆ. ಮೊದಲ ಒಂದು ತಿಂಗಳು ಕಿರಿಕಿರಿ ಎನಿಸುತ್ತದೆ, ಅಷ್ಟೇ. ಆಟಗಳನ್ನು ಸ್ಟೀಮ್‌ನಂತಹ ಅಧಿಕೃತ ಮಳಿಗೆಯಿಂದ ಕೊಂಡರೆ, ಹದಿನಾಲ್ಕು ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ಹಿಂದಿರುಗಿಸುವ ಏರ್ಪಾಡೂ ಇದೆ. ಕಾರ್ಡಿನ ಸಂಖ್ಯೆಯನ್ನು ಮಗುವಿನ ಖಾತೆಯಲ್ಲಿ ಉಳಿಸಬಾರದು. ಹಣ ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿದೆ. ಆಟದೊಳಗಿನ ಉಡುಪು, ನಾಣ್ಯಗಳ ಮಾರಾಟ ಆ ನಿಷೇಧಕ್ಕೆ ಒಳಪಡುವುದಿಲ್ಲವಾದ್ದರಿಂದ ಅದರ ಮಿತಿಯನ್ನು ಮನೆಯಲ್ಲೇ ನಿಗದಿಪಡಿಸಬೇಕು.

ಕೊನೆಯದಾಗಿ ದರಪಟ್ಟಿ ಮತ್ತು ಖಾತರಿ. ಜೋಡಿಸಿದ ಯಂತ್ರಕ್ಕೆ "ಒಟ್ಟು ಇಷ್ಟು" ಎಂಬ ಒಂದು ಸಾಲಿನ ಬಿಲ್ ಸಾಲದು. ಪ್ರತಿ ಭಾಗದ ತಯಾರಕರ ಹೆಸರು, ಮಾದರಿ, ಕ್ರಮಸಂಖ್ಯೆ, ಖಾತರಿಯ ಅವಧಿ ಬೇರೆಬೇರೆಯಾಗಿ ಬರೆದಿರಬೇಕು, ಏಕೆಂದರೆ ಇಲ್ಲಿ ಖಾತರಿ ನೀಡುವವರು ಭಾಗಗಳ ತಯಾರಕರೇ ಹೊರತು ಜೋಡಿಸಿದ ಅಂಗಡಿಯಲ್ಲ. ಹೊರದೇಶದಿಂದ ಕೈಚೀಲದಲ್ಲಿ ಬಂದ ಕಾರ್ಡು ಸಾವಿರ ರೂಪಾಯಿ ಅಗ್ಗವಿದ್ದರೂ ಭಾರತದ ಸೇವಾಕೇಂದ್ರಗಳು ಅದನ್ನು ಮುಟ್ಟದಿರಬಹುದು. ಕ್ರಮಸಂಖ್ಯೆಯ ಚೀಟಿ ಅಂಟಿರುವ ರಟ್ಟಿನ ಡಬ್ಬಗಳನ್ನು ಮನೆಯವರು ಹಳೆಯ ಪೇಪರಿನವರಿಗೆ ಹಾಕದಂತೆ, ಖಾತರಿ ಮುಗಿಯುವವರೆಗೆ ಅಟ್ಟದ ಮೇಲೆ ಇರಿಸಬೇಕು.